ತಾಮ್ರದ ಸೆಂಟನ್ನು ಹುಣಸೆಹಣ್ಣಿನಲ್ಲಿ ತಿಕ್ಕಬಹುದಾ?

ಸೆಂಟ್ ಅಂದರೆ ಡಾಲರಿನ ನೂರನೇ ಒಂದು ಪಾಲಿನ ನಾಣ್ಯ. ಹೋದ ಸಂಚಿಕೆಯಲ್ಲಿ ಅಮೆರಿಕದ ಹಳೆಯ ತಾಮ್ರದ "ದೊಡ್ಡ ಸೆಂಟ್"ಗಳ ಬಗ್ಗೆ, ಮೊದಲ ವರ್ಷದ್ದಕ್ಕೆ ಲಕ್ಷಗಟ್ಟಲೆ ಡಾಲರ್ ಕೊಡುವವರಿದ್ದಾರೆ ಅಂತ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬಂದಿವೆ. ಖುಷಿಯಾಯಿತು. ಈ ಸಲ ಪೂರ್ತಿ ಜಾಗ ಅವಕ್ಕೇ.

ಪ್ರಶ್ನೆ: ನಮ್ಮ ಪಕ್ಕದ ಬೀದಿಯ ಮನೆಯವರು ಹಳೆ ಸಾಮಾನು ಮಾರುತ್ತಿದ್ದರು. ಅಲ್ಲಿ 1798 ಅಂತ ಇರುವ ದೊಡ್ಡ ತಾಮ್ರದ ಸೆಂಟ್ ಒಂದನ್ನು 60 ಡಾಲರಿಗೆ ತಗೊಂಡೆ. ಗಾಢ ಕಂದು ಬಣ್ಣ ಇತ್ತು. ದಾವಣಗೆರೆಯಿಂದ ಬಂದಿರುವ ನಮ್ಮತ್ತೆ ಅದನ್ನು ನೋಡಿ, "ಎಷ್ಟು ಕಿಲುಬು ಹಿಡಿದಿದೆ ನೋಡು" ಅಂತ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಬಿಟ್ಟರು. ಈಗ ಪೂಜೆ ತಂಬಿಗೆ ಹಾಗೆ ಫಳಫಳ ಅನ್ನುತ್ತಿದೆ. ಬೆಲೆ ಏರಿತಾ, ಇಳಿಯಿತಾ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಇಳಿಯಿತು. ಅರ್ಧಕ್ಕಿಂತ ಜಾಸ್ತಿಯೇ ಹೋಗಿರಬಹುದು. ಅತ್ತೆಯವರಿಗೆ ಮಾತ್ರ ಏನೂ ಅನ್ನಬೇಡಿ. ಅವರು ಮನೆಗೆ ಬಂದ ತಾಮ್ರಕ್ಕೆ ನಮ್ಮಲ್ಲಿ ಯಾವಾಗಲೂ ಮಾಡುವುದನ್ನೇ ಮಾಡಿದ್ದಾರೆ.

ಆ ಕಂದು ಬಣ್ಣ ಕಿಲುಬಲ್ಲ. ಕಿಲುಬು ಹಸಿರಾಗಿರುತ್ತದೆ, ಪುಡಿಪುಡಿಯಾಗಿರುತ್ತದೆ, ಲೋಹವನ್ನು ತಿನ್ನುತ್ತದೆ. ಕಂದು ಬಣ್ಣ ಹಾಗಲ್ಲ. ತಾಮ್ರ ಇನ್ನೂರು ವರ್ಷ ಗಾಳಿಯಲ್ಲಿ, ಜೇಬಿನಲ್ಲಿ, ಕೈಯಿಂದ ಕೈಗೆ ಓಡಾಡಿ ತಾನೇ ಬೆಳೆಸಿಕೊಂಡ ತೆಳು ಪೊರೆ ಅದು, ನಾಣ್ಯದ ಚರ್ಮ ಅಂತಲೇ ಇಟ್ಟುಕೊಳ್ಳಿ. ಒಳಗಿನ ತಾಮ್ರವನ್ನು ಕಾಯುವುದೂ ಅದೇ. ಹುಣಸೆಯ ಹುಳಿ ಆ ಪೊರೆಯನ್ನು ಕರಗಿಸುತ್ತದೆ, ಉಪ್ಪಿನ ಹರಳು ಮೇಲಿಂದ ಗೀರುತ್ತದೆ. ತಂಬಿಗೆಯನ್ನು ಹೇಗೂ ವಾರವಾರ ತಿಕ್ಕುತ್ತೇವೆ, ಅದಕ್ಕೆ ಪರವಾಗಿಲ್ಲ. ನಾಣ್ಯದಲ್ಲಿ ಪೊರೆಯ ಜೊತೆ ಕೂದಲಿನ ಗೆರೆ, ಎಲೆಯ ನರ, ಅಂಥ ಸಣ್ಣ ಸಣ್ಣ ವಿವರಗಳೂ ಮಾಸುತ್ತವೆ. ಒಮ್ಮೆ ಹೋದ ಮೇಲೆ ವಾಪಸ್ ಬರಲ್ಲ.

ಈಗ ಮಾಡಬೇಕಾದದ್ದು ಸ್ವಲ್ಪವೇ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕೆಲವು ಗಂಟೆ ನೆನೆಹಾಕಿ, ನೀರನ್ನು ಎರಡು ಮೂರು ಸಲ ಬದಲಾಯಿಸಿ. ಉಪ್ಪು ಒಳಗೆ ಉಳಿದರೆ ನಿಜವಾದ ಕಿಲುಬು ಶುರುವಾಗುತ್ತದೆ, ಅದಕ್ಕೆ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಮತ್ತೆ ಕಂದು ಮಾಡಿಕೊಡುತ್ತೇವೆ ಅಂತ ಗಂಧಕದ ಮುಲಾಮು ಹಚ್ಚುವವರು ಇದ್ದಾರೆ, ಅವರ ಹತ್ತಿರ ಹೋಗಬೇಡಿ. ನುರಿತ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸುಮ್ನೆ ಬಿಟ್ಟರೆ ಕೆಲವು ವರ್ಷದಲ್ಲಿ ತಾನೇ ಬಣ್ಣ ಕಟ್ಟಿಕೊಳ್ಳುತ್ತದೆ, ಮೊದಲಿನ ಬಣ್ಣವಲ್ಲ, ಆದರೂ ಕಣ್ಣಿಗೆ ಹಿತವಾಗಿರುತ್ತದೆ.

ಇಡುವುದು ಎಲ್ಲಿ? ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಬೇಡ. ನಾನು ಶಿವಮೊಗ್ಗದ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ 1804ರ ಹಾಫ್ ಸೆಂಟ್ ಒಂದನ್ನು ಅಂಥ ಚೀಲದಲ್ಲಿ ಬೀರುವಿನಲ್ಲಿಟ್ಟು ಮರೆತಿದ್ದೆ. ತೆಗೆದಾಗ ಹಸಿರು ಅಂಟು ಹಿಡಿದಿತ್ತು. ಇಂದಿಗೂ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ನಾಣ್ಯಗಳನ್ನು ಸಂಗ್ರಹಿಸುವವರು ಹಿಂದಿನಿಂದಲೂ ಒಳಗೆ ಹತ್ತಿಬಟ್ಟೆಯ ಪದರವಿರುವ ಸಣ್ಣ ಕಾಗದದ ಲಕೋಟೆ ಬಳಸುತ್ತಾರೆ. ಅಗ್ಗ, ಒಳ್ಳೆಯದು. ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ.

ಒಂದು ಸಮಾಧಾನ ಅಂದರೆ 1798ರ ಸೆಂಟ್ ಅಷ್ಟು ಅಪರೂಪವಲ್ಲ. ಈ ಪೆಟ್ಟು ಅತಿ ಅಪರೂಪದ 1799ಕ್ಕೆ ಬಿದ್ದಿದ್ದರೆ ನನಗೂ ನಿದ್ದೆ ಬರುತ್ತಿರಲಿಲ್ಲ.

ಪ್ರಶ್ನೆ: ಸೆಂಟ್ ಅಂದರೆ ಗುಂಡಿಯಷ್ಟು ಚಿಕ್ಕ ನಾಣ್ಯ ಅಲ್ವಾ? ನೀವು "ದೊಡ್ಡ ಸೆಂಟ್" ಅಂದಿದ್ದೀರಿ. ಮೊದಲ ವರ್ಷದ್ದಕ್ಕೆ ಲಕ್ಷಗಟ್ಟಲೆ ಡಾಲರ್ ಯಾಕೆ? (ಮೈಸೂರು)

ಉತ್ತರ: ಈಗಿನದು ಚಿಕ್ಕದು. 1793ರಿಂದ 1857ರವರೆಗಿನ ಸೆಂಟ್ ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ತೂಕ ಇನ್ನೂ ಜಾಸ್ತಿ, ಪೂರ್ತಿ ತಾಮ್ರ. ಅದರ ಅರ್ಧ ತೂಕದ ಹಾಫ್ ಸೆಂಟ್ ಕೂಡ ಇತ್ತು. ನಾಣ್ಯದೊಳಗೆ ಅದರ ಬೆಲೆಗೆ ಸರಿಯಾದಷ್ಟು ತಾಮ್ರ ಇರಬೇಕು ಅನ್ನುವುದು ಆಗಿನವರ ಲೆಕ್ಕ. 1792ರ ಏಪ್ರಿಲ್ 2ರ ಕಾನೂನು ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ಶುರುಮಾಡಲು ಹೇಳಿತು, ಸೆಂಟಿಗೆ 264 ಗ್ರೇನ್ (ಗ್ರಾಂಗಿಂತ ತೀರ ಚಿಕ್ಕದಾದ ಹಳೆಯ ತೂಕದ ಅಳತೆ) ತಾಮ್ರ ಅಂತ ಗೊತ್ತುಮಾಡಿತು. ತಾಮ್ರದ ಬೆಲೆ ಏರಿತು. ಚಲಾವಣೆಗೆ ಒಂದು ಸೆಂಟ್ ಕೂಡ ಅಚ್ಚಾಗುವ ಮೊದಲೇ, 1793ರ ಜನವರಿಯಲ್ಲಿ, ಅದನ್ನು 208ಕ್ಕೆ ಇಳಿಸಿದರು. ಮತ್ತೆ ಎರಡು ಮೂರು ವರ್ಷದಲ್ಲಿ 168 ಗ್ರೇನ್, ಅಂದರೆ 10.89 ಗ್ರಾಂ. ಕೊನೆಯವರೆಗೂ ಅಷ್ಟೇ ಉಳಿಯಿತು.

1793ರ ಕಥೆ ನನಗೆ ಎಷ್ಟು ಸಲ ಹೇಳಿದರೂ ಬೇಸರವಿಲ್ಲ. ಆ ಒಂದೇ ವರ್ಷದಲ್ಲಿ ಸೆಂಟಿಗೆ ಮೂರು ರೂಪ. ಮಾರ್ಚ್ ತಿಂಗಳಲ್ಲಿ ಮೊದಲನೆಯದು ಬಂತು. ಒಂದು ಕಡೆ ಕೂದಲು ಹಿಂದಕ್ಕೆ ಹಾರುತ್ತಿರುವ ಲಿಬರ್ಟಿ, ಅಂದರೆ ಸ್ವಾತಂತ್ರ್ಯದೇವಿ, ಇನ್ನೊಂದು ಕಡೆ 15 ಕೊಂಡಿಗಳ ಸರಪಳಿ, ಆಗಿದ್ದ 15 ರಾಜ್ಯಗಳಿಗೆ ಒಂದೊಂದು. ಒಗ್ಗಟ್ಟು ತೋರಿಸೋಣ ಅನ್ನುವುದು ಉದ್ದೇಶ. ಜನರಿಗೆ ಕಂಡದ್ದು ಬೇಡಿ. ಬ್ರಿಟಿಷರಿಂದ ಬಿಡಿಸಿಕೊಂಡು ಹತ್ತು ವರ್ಷವಾಗಿದೆ, ದೇಶದಲ್ಲಿ ಇನ್ನೂ ಗುಲಾಮರಿದ್ದಾರೆ, ಸ್ವಾತಂತ್ರ್ಯದ ನಾಣ್ಯಕ್ಕೆ ಸರಪಳಿ! ಇದು ಅಪಶಕುನ, ಲಿಬರ್ಟಿಯೇ ಹೆದರಿಕೊಂಡ ಹಾಗಿದ್ದಾಳೆ ಅಂತ ಪತ್ರಿಕೆಯಲ್ಲಿ ಬರೆದರು. 36,103 ನಾಣ್ಯಗಳಾದ ಮೇಲೆ ಅದನ್ನು ನಿಲ್ಲಿಸಿ ಸರಪಳಿಯ ಜಾಗಕ್ಕೆ ಎಲೆಗಳ ಮಾಲೆ ತಂದರು. ಅದು 63,353. ಮೊದಲ ಸರಪಳಿ ಅಚ್ಚಿನಲ್ಲಿ ಅಮೆರಿಕ ಅನ್ನುವ ಹೆಸರೂ ಪೂರ್ತಿಯಿಲ್ಲ, "ಅಮೆರಿ." ಅಂತ ಚುಕ್ಕೆಯಿಟ್ಟು ನಿಲ್ಲಿಸಿದ್ದಾರೆ. ಹೊಸ ದೇಶದ ಹೊಸ ಟಂಕಸಾಲೆ, ತನ್ನ ಹೆಸರು ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನ ಆ ಚುಕ್ಕೆಯಲ್ಲಿ ಕಾಣುತ್ತದೆ ಅನ್ನಿಸುತ್ತದೆ ನನಗೆ.

ಮೂರನೆಯ ರೂಪವನ್ನು ಜೋಸೆಫ್ ರೈಟ್ ಅನ್ನುವ ಕಲಾವಿದ ಕೊರೆದರು. ಲಿಬರ್ಟಿಯ ಹಿಂದೆ ಒಂದು ಕೋಲು, ಅದರ ತುದಿಗೆ ಟೋಪಿ. ಪ್ರಾಚೀನ ರೋಮ್‌ನಲ್ಲಿ ಬಿಡುಗಡೆಯಾದ ಗುಲಾಮರು ಹಾಕಿಕೊಳ್ಳುತ್ತಿದ್ದ ಟೋಪಿ ಅದು. ಆ ವರ್ಷ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಡಿಯಿತು. ಸುಮಾರು 5,000 ಜನ ಸತ್ತರು, ಟಂಕಸಾಲೆ ಬಾಗಿಲು ಹಾಕಿತು, ರೈಟ್ ಕೂಡ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಸೆಂಟ್ ಆ ವರ್ಷ ಆದದ್ದು ಬರೀ 11,056.

ಈಗ ಬೆಲೆಗೆ ಬನ್ನಿ. ಇವೆಲ್ಲ ಅಂಗಡಿಯಲ್ಲಿ ಓಡಾಡಿದ ಚಿಲ್ಲರೆ. ಯಾರೂ ಎತ್ತಿಡಲಿಲ್ಲ. ಸವೆದವು, ಕಳೆದವು, ಕರಗಿಸಿಕೊಂಡವು. ಸವೆಯದೆ ಉಳಿದ ಒಂದು ಸರಪಳಿ ಸೆಂಟ್ 2015ರ ಜನವರಿಯಲ್ಲಿ ಹರಾಜಿನಲ್ಲಿ 23.5 ಲಕ್ಷ ಡಾಲರಿಗೆ ಹೋಯಿತು. ಮುಖವೇ ಕಾಣದಷ್ಟು ಸವೆದದ್ದಕ್ಕೂ ಸಾವಿರಗಟ್ಟಲೆ ಡಾಲರ್ ಕೊಡಬೇಕು.

ಪ್ರಶ್ನೆ: 1794ರ ಎರಡು ಸೆಂಟ್, ಎರಡೂ ಒಂದೇ ಥರ ಸವೆದಿವೆ. ಒಂದಕ್ಕೆ 400 ಡಾಲರ್, ಇನ್ನೊಂದಕ್ಕೆ ಹತ್ತಾರು ಸಾವಿರ ಅಂತಾರೆ. ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಿಸಲಿಲ್ಲ. ಇದು ವ್ಯಾಪಾರದ ತಂತ್ರವಾ? (ಬಸವನಗುಡಿ, ಬೆಂಗಳೂರು)

ಉತ್ತರ: ಅಲ್ಲ. ಈ ಸಂಗ್ರಹದ ಜೀವವೇ ಅಲ್ಲಿದೆ.

ಟಿಪ್ಪು ಸುಲ್ತಾನರ ಆನೆ ಕಾಸುಗಳನ್ನು ಹತ್ತು ಸಾಲಾಗಿ ಇಟ್ಟು ನೋಡಿದ್ದೀರಾ? ಒಂದರಲ್ಲಿ ಆನೆಯ ಸೊಂಡಿಲು ಹೀಗೆ, ಇನ್ನೊಂದರಲ್ಲಿ ಹಾಗೆ. ಕಾರಣ, ಪ್ರತಿ ಅಚ್ಚನ್ನೂ ಒಬ್ಬ ಮನುಷ್ಯ ಕೂತು ಕೈಯಲ್ಲಿ ಕೊರೆದ. ಅದೇ ಕಾಲದ ಫಿಲಡೆಲ್ಫಿಯಾದಲ್ಲೂ ಅಷ್ಟೇ. ಉಕ್ಕು ಚೆನ್ನಾಗಿರಲಿಲ್ಲ, ಅಚ್ಚು ಬೇಗ ಬಿರುಕು ಬಿಡುತ್ತಿತ್ತು, ಇನ್ನೊಂದು ಕೊರೆಯಬೇಕಿತ್ತು. ಅಂಕಿ ಅರ್ಧ ಕೂದಲೆಳೆ ಆಚೆ ಹೋಯಿತು, ಎಲೆ ಒಂದು ಜಾಸ್ತಿಯಾಯಿತು, ಹಿಂಬದಿಯ 1/100 ಅನ್ನುವ ಭಿನ್ನರಾಶಿಯ ಗೆರೆ ಗಿಡ್ಡವಾಯಿತು. ಹೀಗೆ 1794ರ ಒಂದೇ ವರ್ಷಕ್ಕೆ ಐವತ್ತಕ್ಕೂ ಹೆಚ್ಚು ಅಚ್ಚು ಜೋಡಿಗಳಿವೆ, ಜೋಡಿ ಅಂದರೆ ಮುಂಬದಿಗೊಂದು, ಹಿಂಬದಿಗೊಂದು. ಕೆಲವು ಬೇಕಾದಷ್ಟು ಸಿಗುತ್ತವೆ, ಕೆಲವು ಜಗತ್ತಿಗೆಲ್ಲ ನಾಲ್ಕೈದೇ. ಅವುಗಳಲ್ಲಿ ಒಂದರ ಹಿಂಬದಿಯ ಅಂಚಿನ ಸುತ್ತ 94 ಪುಟಾಣಿ ನಕ್ಷತ್ರಗಳಿವೆ. ಶೆಲ್ಡನ್ 48 ಅಂತ ಅದರ ಸಂಖ್ಯೆ. ಜಾಸ್ತಿ ಸವೆದಿದ್ದರೆ ನಕ್ಷತ್ರಗಳು ಹೆಚ್ಚುಕಮ್ಮಿ ಅಳಿಸಿಯೇ ಹೋಗಿರುತ್ತವೆ, ಒಂದೆರಡು ಚುಕ್ಕೆ ಉಳಿದರೂ ಗುರುತು ಹಿಡಿಯುವವರು ಇದ್ದಾರೆ.

ಈ ಶೆಲ್ಡನ್ ಯಾರು ಅಂದರೆ, ವಿಲಿಯಂ ಶೆಲ್ಡನ್, ಮನಶ್ಶಾಸ್ತ್ರಜ್ಞ. 1793ರಿಂದ 1814ರವರೆಗಿನ ಸೆಂಟ್‌ಗಳ ಅಚ್ಚುಗಳಿಗೆ 1ರಿಂದ 295ರವರೆಗೆ ಸಂಖ್ಯೆ ಕೊಟ್ಟು 1949ರಲ್ಲಿ ಪುಸ್ತಕ ತಂದರು. ಇಂದಿಗೂ ಅದೇ ಸಂಖ್ಯೆ ನಡೆಯುತ್ತದೆ. ಅದರಲ್ಲೇ ಅವರು ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಲೆಕ್ಕವನ್ನೂ ಹುಟ್ಟಿಸಿದರು. ತೀರ ಸವೆದದ್ದಕ್ಕೆ ಒಂದು ಡಾಲರ್ ಆದರೆ ಅತ್ಯುತ್ತಮಕ್ಕೆ 70 ಡಾಲರ್ ಅನ್ನುವುದು ಅದರ ಅರ್ಥ. ಬೆಲೆಯ ಲೆಕ್ಕ ಬೇಗ ತಪ್ಪಿಹೋಯಿತು, ಅಂಕ ಮಾತ್ರ ಉಳಿಯಿತು. ಈಗ ಬೆಂಗಳೂರಿನ ಹರಾಜಿನಲ್ಲಿ ವಿಕ್ಟೋರಿಯಾ ರೂಪಾಯಿಗೆ "ಎಂಎಸ್ 63" (ಎಂಎಸ್ ಅಂದರೆ ಮಿಂಟ್ ಸ್ಟೇಟ್, ಚಲಾವಣೆಯಲ್ಲಿ ಸವೆಯದ್ದು) ಅಂತ ಚೀಟಿ ಹಾಕಿರುತ್ತಾರಲ್ಲ, ಆ 63 ಹುಟ್ಟಿದ್ದು ಈ ತಾಮ್ರದ ಸೆಂಟ್‌ಗಳಿಂದ.

ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅನ್ನುವ ನಾಣ್ಯ ಅಧ್ಯಯನ ಸಂಸ್ಥೆಯ ಸಂಗ್ರಹದಲ್ಲಿದ್ದ ಒಳ್ಳೊಳ್ಳೆಯ ಸೆಂಟ್‌ಗಳನ್ನು ತೆಗೆದು, ಅದೇ ಅಚ್ಚಿನ ತಮ್ಮ ಕಳಪೆ ನಾಣ್ಯಗಳನ್ನು ಅಲ್ಲಿಟ್ಟಿದ್ದರು. ಅವರು ಸತ್ತು ವರ್ಷಗಳಾದ ಮೇಲೆ ಹಳೆಯ ಫೋಟೋಗಳ ಜೊತೆ ಹೋಲಿಸಿ ನೋಡಿದಾಗ ಅದು ಸಿಕ್ಕಿಬಿತ್ತು. ನನಗೆ ಇದು ಬಹಳ ನೋವಿನ ವಿಷಯ, ಅಷ್ಟು ತಿಳಿದವರು ಹೀಗೆ ಮಾಡಬಾರದಿತ್ತು. ಆದರೆ ಹೇಗೆ ಸಿಕ್ಕಿಬಿತ್ತು ನೋಡಿ. ಎರಡು ನಾಣ್ಯ ಒಂದೇ ಅಚ್ಚಿನಿಂದ ಬಂದರೂ ಮೇಲಿನ ಕಲೆ, ಗೀರು, ಬಣ್ಣ ಒಂದೇ ಥರ ಇರುವುದಿಲ್ಲ, ಬೆರಳಚ್ಚಿನ ಹಾಗೆ. ಮೊದಲ ಉತ್ತರದಲ್ಲಿ ಚರ್ಮ ಅಂದೆನಲ್ಲ, ಅದನ್ನು ತಿಕ್ಕಿಬಿಟ್ಟರೆ ಈ ಗುರುತೂ ಹೋಗುತ್ತದೆ.

ನಿಮ್ಮ ಎರಡು ನಾಣ್ಯಗಳ ವಿಷಯಕ್ಕೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ (ಚಿಕ್ಕ ಭೂತಗನ್ನಡಿ) ತಗೊಳ್ಳಿ. ಬೆಳಕು ಪಕ್ಕದಿಂದ ಬೀಳಲಿ. ಮೊದಲು ಇಸವಿಯ ಅಂಕಿಗಳ ನಡುವಿನ ಜಾಗ, ಆಮೇಲೆ ಲಿಬರ್ಟಿ ಅನ್ನುವ ಅಕ್ಷರಗಳು ಕೂದಲಿಗೆ ಎಲ್ಲಿ ತಾಗುತ್ತವೆ, ಆಮೇಲೆ ಹಿಂಬದಿಯ ಎಲೆಗಳು. ಒಂದು ಸಂಜೆ ಸಾಕಾಗದಿದ್ದರೆ ಎರಡು ಸಂಜೆ ಕೂತುಕೊಳ್ಳಿ. ಕಣ್ಣು ಪಳಗಲು ಸಮಯ ಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ 1793ರ ಸರಪಳಿ ಸೆಂಟ್, 1799, 1804 ಮೂರೂ ಸೇರಿ ಮೂರು ಸಾವಿರ ರೂಪಾಯಿ. ತಗೊಳ್ಳಲಾ? (ಹುಬ್ಬಳ್ಳಿ)

ಉತ್ತರ: ಬೇಡ. ಮೂರೂ ನಕಲಿ, ಫೋಟೋ ನೋಡುವ ಮೊದಲೇ ಹೇಳಬಹುದು. ಅಮೆರಿಕದಲ್ಲಿ 1973ರಿಂದ ನಕಲು ನಾಣ್ಯದ ಮೇಲೆ "ಕಾಪಿ" ಅಂತ ಒತ್ತಲೇಬೇಕು ಅನ್ನುವ ಕಾನೂನಿದೆ, ಹೊರಗಿಂದ ಬರುವ ಮಾಲು ಅದನ್ನು ಪಾಲಿಸುವುದಿಲ್ಲ.

ಒರಟು ನಕಲಿಯನ್ನು ಹಿಡಿಯುವುದು ಸುಲಭ. ಆಯಸ್ಕಾಂತಕ್ಕೆ ಅಂಟಿದರೆ ತಾಮ್ರವಲ್ಲ. ಗ್ರಾಂ ತಕ್ಕಡಿಯಲ್ಲಿ ತೂಕ ಬಹಳ ಕಮ್ಮಿ ಬಂದರೆ ಅನುಮಾನಪಡಿ. ಕಷ್ಟ ಇರುವುದು ಹಳೆಯ ಮೋಸಗಳಲ್ಲಿ. 1799 ಈ ಸರಣಿಯಲ್ಲೇ ಅತಿ ಅಪರೂಪದ ಇಸವಿ, ಹಾಗಾಗಿ 1798ರ ಕೊನೆಯ 8ನ್ನು ಕೆರೆದು 9 ಮಾಡುವ ಕೆಲಸ ನೂರಕ್ಕೂ ಹೆಚ್ಚು ವರ್ಷದಿಂದ ನಡೆದಿದೆ. ನಾಣ್ಯ ನಿಜ, ಅಂಕಿ ಸುಳ್ಳು. ಇಲ್ಲಿ ಅಚ್ಚಿನ ಓದು ಕೈಹಿಡಿಯುತ್ತದೆ. 1799ರಲ್ಲಿ ಕಾಣಸಿಗುವುದು ಶೆಲ್ಡನ್ 188 ಮತ್ತು 189. ಮೊದಲನೆಯದರಲ್ಲಿ ಟಂಕಸಾಲೆಯವರೇ 8ರ ಮೇಲೆ 9 ಕೊರೆದಿದ್ದಾರೆ, ಅದು ಅಸಲಿ. ನಿಮ್ಮ ಕೈಯಲ್ಲಿರುವುದರ ಉಳಿದ ಅಕ್ಷರ, ಎಲೆ ಇವೆರಡಕ್ಕೆ ಹೊಂದದಿದ್ದರೆ ಅಂಕಿ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. 1804ಕ್ಕೆ ಇನ್ನೊಂದು ಗೋಜಲು. ಟಂಕಸಾಲೆ ಬಿಸಾಡಿದ್ದ ತುಕ್ಕು ಹಿಡಿದ ಅಚ್ಚುಗಳನ್ನು ಯಾರೋ ತಂದು, 1803ರ ಮುಂಬದಿಯನ್ನು 1804 ಅಂತ ತಿದ್ದಿ, 1820ರ ಹಿಂಬದಿ ಜೋಡಿಸಿ ಆಮೇಲೆ ಒತ್ತಿದ ನಾಣ್ಯಗಳಿವೆ. ಅವನ್ನು ರೀಸ್ಟ್ರೈಕ್ ಅಂತಾರೆ. ಹಾಗಂತ ಹೇಳಿ ಮಾರಿದರೆ ತಪ್ಪಿಲ್ಲ, ಅಸಲಿ ಅಂತ ಮಾರಿದರೆ ಮೋಸ. ಹತ್ತೊಂಬತ್ತನೇ ಶತಮಾನದ ಎಲೆಕ್ಟ್ರೋಟೈಪ್‌ಗಳೂ ಇವೆ. ಎರಡು ತೆಳು ತಾಮ್ರದ ಚಿಪ್ಪು ಮಾಡಿ ನಡುವೆ ಸೀಸ ತುಂಬಿರುತ್ತಾರೆ. ಅಂಚಿನಲ್ಲಿ ಬೆಸುಗೆಯ ಗೆರೆ ಹುಡುಕಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ 1808ರ ದೊಡ್ಡ ತಾಮ್ರದ ನಾಣ್ಯ ಸಿಕ್ಕಿದೆ. ಒಂದು ಕಡೆ ಸಿಂಹ, ಗುರಾಣಿ, ಇನ್ನೊಂದು ಕಡೆ ಪಾರ್ಸಿ ಅಕ್ಷರ. ಗೆಳೆಯರೊಬ್ಬರು ಅಮೆರಿಕದ ಸೆಂಟ್ ಅಂದರು. ಹೌದಾ? (ಮಂಗಳೂರು)

ಉತ್ತರ: ಸೆಂಟ್ ಅಲ್ಲ, ಆದರೆ ಸೆಂಟಿನ ಹತ್ತಿರದ ನೆಂಟ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರೆಸಿಡೆನ್ಸಿಗಾಗಿ ಮಾಡಿಸಿದ 20 ಕಾಸು ಇರಬೇಕು. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸಿಗೇ ಸೇರಿದ್ದವು, ಹಾಗಾಗಿ ನಿಮ್ಮ ಅಜ್ಜನ ಮನೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನೆಂಟಸ್ತಿಕೆ ಹೀಗೆ. ಇದು ಅಚ್ಚಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋದಲ್ಲಿ, ಮ್ಯಾಥ್ಯೂ ಬೋಲ್ಟನ್ ಅವರ ಉಗಿಯಂತ್ರದ ಟಂಕಸಾಲೆಯಲ್ಲಿ. ಅದೇ ಬೋಲ್ಟನ್ ಕಾರ್ಖಾನೆ 1797ರಿಂದ ಫಿಲಡೆಲ್ಫಿಯಾಕ್ಕೂ ಇನ್ನೂ ಅಚ್ಚೊತ್ತದ ತಾಮ್ರದ ಬಿಲ್ಲೆಗಳನ್ನು ಪೀಪಾಯಿಗಳಲ್ಲಿ ತುಂಬಿ ಕಳಿಸುತ್ತಿತ್ತು. ಅದಕ್ಕೂ ಮೊದಲು ಫಿಲಡೆಲ್ಫಿಯಾದವರು ಹಳೆಯ ಪಾತ್ರೆ, ಹಡಗಿನ ತಗಡು, ಸಿಕ್ಕಿದ್ದನ್ನೆಲ್ಲ ಕರಗಿಸುತ್ತಿದ್ದರು. ನ್ಯೂಯಾರ್ಕಿನ ಟಾಲ್ಬಟ್, ಆಲಮ್ ಅಂಡ್ ಲೀ ಅನ್ನುವ ವ್ಯಾಪಾರಿಗಳ ತಾಮ್ರದ ಟೋಕನ್‌ಗಳನ್ನು ಕೊಂಡು ಕತ್ತರಿಸಿ ಹಾಫ್ ಸೆಂಟ್ ಒತ್ತಿದ್ದೂ ಉಂಟು. 1795 ಮತ್ತು 1797ರ ಕೆಲವು ಹಾಫ್ ಸೆಂಟ್‌ಗಳಲ್ಲಿ ಆ ಟೋಕನ್ನಿನ ಗುರುತುಗಳು ಇನ್ನೂ ಕಾಣುತ್ತವೆ.

ಬೋಲ್ಟನ್ ಬಿಲ್ಲೆ ಒಳ್ಳೆಯದಿತ್ತು. 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಯಿತು, ಪೀಪಾಯಿ ನಿಂತಿತು. ಇದ್ದ ದಾಸ್ತಾನು 1814ಕ್ಕೆ ಮುಗಿಯಿತು. 1793ರಿಂದ 2025ರವರೆಗೆ ಅಮೆರಿಕದ ಸೆಂಟ್‌ನಲ್ಲಿ ಇಲ್ಲದ ಒಂದೇ ಇಸವಿ ಅಂದರೆ 1815. ಯಾರಾದರೂ ನಿಮಗೆ 1815ರ ಸೆಂಟ್ ತೋರಿಸಿದರೆ ನಕ್ಕು ಮುಂದೆ ಹೋಗಿ.

ನಿಮ್ಮ ನಾಣ್ಯ ಮನೆಯಲ್ಲೇ ಉಳಿದು ಬಂದದ್ದು ಅನ್ನುವುದು ದೊಡ್ಡ ವಿಷಯ. 1808ರ ಕಾಸುಗಳನ್ನು ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡ್‌ನರ್ ಅನ್ನುವ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. 1980ರ ದಶಕದಲ್ಲಿ ಅದರಿಂದ ರಾಶಿರಾಶಿ ನಾಣ್ಯ ಮೇಲೆ ತೆಗೆದರು, ಈಗ ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಅವೇ, ಮದ್ರಾಸನ್ನು ಕಾಣದವು. ನಿಮ್ಮದು ಸಂತೆ ನೋಡಿದೆ. ಅಜ್ಜನ ಹೆಸರು, ಊರು ಬರೆದು ಒಂದು ಚೀಟಿ ಜೊತೆಗಿಡಿ.

ಪ್ರಶ್ನೆ: ಊರಿನಲ್ಲಿರುವ ಅಪ್ಪನ ಟಿಪ್ಪು ಕಾಸುಗಳನ್ನು ಅಮೆರಿಕಕ್ಕೆ ತಂದು, ಇಲ್ಲಿನವರ ಹತ್ತಿರ ಹಳೆ ಸೆಂಟ್‌ಗೆ ಬದಲು ಮಾಡಿಕೊಳ್ಳಬಹುದಾ? (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ತರಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಖಾಸಗಿ ಜನ ಅದನ್ನು ಭಾರತದಿಂದ ಹೊರಗೆ ಒಯ್ಯುವುದು ಅಪರಾಧ. ಬ್ಯಾಗಿನಲ್ಲಿ ಒಂದೇ ಇದ್ದರೂ ಅಷ್ಟೇ.

ಪ್ರಶ್ನೆ: ಓದಲು ಬಂದವನು ನಾನು, ಕೈಯಲ್ಲಿರುವುದು ನೂರು ಡಾಲರ್. ಯಾವುದರಿಂದ ಶುರುಮಾಡಲಿ? (ನ್ಯೂ ಬ್ರನ್ಸ್‌ವಿಕ್, ನ್ಯೂಜೆರ್ಸಿ)

ಉತ್ತರ: 1840, 50ರ ದಶಕದ ಸೆಂಟ್ ಒಂದನ್ನು ಮೊದಲು ತಗೊಳ್ಳಿ. ಜಡೆ ಸುತ್ತಿ ಕಟ್ಟಿದ ಲಿಬರ್ಟಿ ಇರುತ್ತಾಳೆ. ಇಪ್ಪತ್ತು ಮೂವತ್ತು ಡಾಲರಿಗೆ ಸವೆದರೂ ಸ್ವಚ್ಛವಾಗಿರುವುದು ಸಿಗುತ್ತದೆ. ಹೊಳೆಯುವುದು ಬೇಡ, ಸಮನಾದ ಕಂದು ಬಣ್ಣ ಇರುವುದನ್ನು ಆರಿಸಿ. 1857ರ ಫೆಬ್ರವರಿಯ ಕಾನೂನಿನಿಂದ ದೊಡ್ಡ ಸೆಂಟ್ ನಿಂತಿತು. ಮೇ 25ರಂದು ಹೊಸ ಚಿಕ್ಕ ಸೆಂಟ್ ಕೊಡಲು ಶುರುಮಾಡಿದಾಗ ಫಿಲಡೆಲ್ಫಿಯಾದ ಟಂಕಸಾಲೆ ಮುಂದೆ ಜನ ಹಳೆಯದನ್ನು ಹಿಡಿದುಕೊಂಡು ಸಾಲುಗಟ್ಟಿದರು. ಚಿಕ್ಕಂದಿನಿಂದ ನೋಡಿದ ನಾಣ್ಯ ಕಣ್ಮರೆಯಾಗುತ್ತಿದೆ ಅಂತ ಇಸವಿಗೊಂದು ಎತ್ತಿಡಲು ಶುರುಮಾಡಿದವರೂ ಆಗಲೇ ಹುಟ್ಟಿಕೊಂಡರು. ಹಾಗಾಗಿ ಈ ಕೊನೆಯ ವರ್ಷಗಳವು ಚೆನ್ನಾಗಿ ಉಳಿದಿವೆ.

ಆದರೆ ನೀವಿರುವ ಜಾಗ ನೋಡಿದರೆ ನನ್ನ ಮನಸ್ಸು ಬೇರೆ ಕಡೆ ಓಡುತ್ತದೆ. ಫಿಲಡೆಲ್ಫಿಯಾದ ಟಂಕಸಾಲೆಗೂ ಮೊದಲು ರಾಜ್ಯಗಳೇ ತಾಮ್ರದ ನಾಣ್ಯ ಮಾಡಿಸುತ್ತಿದ್ದವು. ನ್ಯೂಜೆರ್ಸಿ 1786ರ ಜೂನ್‌ನಲ್ಲಿ ಮೂವರಿಗೆ 30 ಲಕ್ಷ ನಾಣ್ಯಗಳ ಗುತ್ತಿಗೆ ಕೊಟ್ಟಿತು. ಒಂದು ಕಡೆ ಕುದುರೆಯ ತಲೆ, ಕೆಳಗೆ ನೇಗಿಲು, ಸುತ್ತ "ನೋವಾ ಸೀಸರಿಯಾ" ಅಂತ ನ್ಯೂಜೆರ್ಸಿಯ ಲ್ಯಾಟಿನ್ ಹೆಸರು. ಇನ್ನೊಂದು ಕಡೆ ಗುರಾಣಿ, "ಈ ಪ್ಲೂರಿಬಸ್ ಯೂನಮ್", ಅನೇಕದಿಂದ ಒಂದು ಅನ್ನುವ ಮಾತು. ಈಗ ಅಮೆರಿಕದ ಪ್ರತಿ ನಾಣ್ಯದ ಮೇಲೂ ಇರುವ ಆ ಮಾತು ಅಲ್ಲಿ ಮೊದಲು ನಾಣ್ಯಕ್ಕೆ ಬಂದದ್ದು ಈ ಕುದುರೆಯ ಜೊತೆ. ಅಚ್ಚುಗಳು ನೂರಕ್ಕೂ ಹೆಚ್ಚು. ಒಂದರಲ್ಲಿ ಕುದುರೆ ಒಂಟೆಯ ಹಾಗೆ, ಒಂದರಲ್ಲಿ ಹಾವಿನ ತಲೆಯ ಹಾಗೆ, ಒಂದರಲ್ಲಿ ಅಕ್ಷರಗಳ ನಡುವೆ ಪುಟ್ಟ ನರಿ ಓಡುತ್ತಿದೆ. ಸವೆದದ್ದಾದರೆ ನೂರು ಡಾಲರಿನ ಆಸುಪಾಸಿನಲ್ಲಿ ಸಿಗಬಹುದು. ಇವುಗಳಲ್ಲಿ ಬಹಳಷ್ಟು ಒತ್ತಿದ್ದು ರಾಹ್ವೇ ಊರಿನ ಮಿಲ್ಲೊಂದರಲ್ಲಿ, ನೀವು ನ್ಯೂಯಾರ್ಕಿಗೆ ಹೋಗುವ ರೈಲಿನ ದಾರಿಯಲ್ಲೇ ಆ ಸ್ಟೇಷನ್ ಸಿಗುತ್ತದೆ.

ಅವಸರ ಮಾಡದೆ ಒಂದು ನಾಣ್ಯಮೇಳಕ್ಕೆ ಹೋಗಿ, ಹತ್ತು ಕುದುರೆಗಳನ್ನು ಕೈಯಲ್ಲಿ ಹಿಡಿದು ನೋಡಿ, ಅಂಚನ್ನು ಮಾತ್ರ ಮುಟ್ಟಿ. ತಗೊಂಡ ಮೇಲೆ ಎರಡೂ ಬದಿಯ ಫೋಟೋ ಕಳಿಸಿ, ಯಾವ ಅಚ್ಚು ಅಂತ ಇಬ್ಬರೂ ಕೂತು ಹುಡುಕೋಣ.